ಬೆಳಗದ ಸೀಸೆ

ಜನವರಿ 9

ಕೊಕ್ಕರೆ,

ನಿನ್ನ ಉದ್ದ ಕಾಲುಗಳು ಆ ಪ್ರಯೋಗಾಲಯದ ಮೇಜಿನ ಕೆಳಗೆ ಇನ್ನೂ ಹಿಡಿಸುತ್ತಿವೆಯೇ? ಈ ಕಾಗದದ ಜೊತೆ ಒಂದು ಸೀಸೆ ನೀರು ಬರುತ್ತಿದೆ. ಬಾಯಾರಿದೆ ಎಂದು ಕುಡಿದುಬಿಟ್ಟೀಯ, ಪರೀಕ್ಷೆಗೆ ಕಳಿಸಿದ್ದು. ಫೋನಿನಲ್ಲೇ ಹೇಳೋಣವೆಂದರೆ ನಿನ್ನ ಮಾತು ನನಗೆ ಡಬ್ಬಿಯೊಳಗೆ ನೊಣ ಸಿಕ್ಕಿಕೊಂಡ ಹಾಗೆ ಕೇಳಿಸುತ್ತದೆ. ಮೂವತ್ತು ವರ್ಷ ಹೊಲಿಗೆ ಯಂತ್ರದ ಪಕ್ಕ ಕೂತ ಕಿವಿ ಇದು.

ನಮ್ಮ ಬೀದಿಯ ನಲ್ಲಿ ಪೈಪು ಅಗೆದುಹಾಕಿ ಎರಡು ತಿಂಗಳಾಯಿತು. ದಿನ ಬಿಟ್ಟು ದಿನ ನೀರಿನ ಲಾರಿ ಬರುತ್ತದೆ. ಬಂದಾಗ ಬಕೆಟ್ಟುಗಳು ಮಾತಾಡುತ್ತವೆ, ಮನುಷ್ಯರು ಗುದ್ದಾಡುತ್ತಾರೆ. ಅದಕ್ಕೆ ನಿನ್ನ ಭಾವ ಹಿತ್ತಲಿನ ಹಳೆಯ ಬಾವಿಯ ಹೂಳು ತೆಗೆಸಿದರು. ನೀರೇನೋ ತಿಳಿಯಾಗಿದೆ. ಆದರೆ ಗೋಡೆಯಾಚೆ ಹಿಂದೆ ಬ್ಯಾಟರಿ ಒಡೆಯುವ ಶೆಡ್ ಇತ್ತಲ್ಲ, ಅದು ನನ್ನ ತಲೆಯಿಂದ ಹೋಗುತ್ತಿಲ್ಲ. ಭಾವ, "ಶೆಡ್ ಮುಚ್ಚಿ ಆರು ವರ್ಷ ಆಯ್ತು, ಇನ್ನೆಲ್ಲೀ ವಿಷ?" ಅನ್ನುತ್ತಾರೆ. ಬೀಗ ರಿಪೇರಿ ಅಂಗಡಿ ಇಟ್ಟವರಲ್ಲವೇ, ಬಾಗಿಲು ಮುಚ್ಚಿದರೆ ಎಲ್ಲ ಮುಗಿದ ಹಾಗೆ.

ಮೇಲ್ಮನೆಗೆ ಬಾಡಿಗೆಗೆ ಬಂದಿರುವ ಬಸ್ ಕಂಡಕ್ಟರ್ ಹುಡುಗಿಯ ವಿಷಯ ಬರೆದಿದ್ದೆನಲ್ಲ. ಗಂಡ ದೂರದ ಗಣಿಯಲ್ಲಿ ಲಾರಿ ಓಡಿಸುತ್ತಾನೆ. ಇವಳು ಡ್ಯೂಟಿಗೆ ಹೋದರೆ ಐದು ತಿಂಗಳ ಹೆಣ್ಣುಕೂಸು ನನ್ನ ಹೊಲಿಗೆ ಕೋಣೆಯಲ್ಲಿ, ಬಟ್ಟೆ ರಾಶಿಯ ಮೇಲೆ. ಮೂಗು ಅಂಗಿಯ ಗುಂಡಿಯಷ್ಟೇ ಇರುವುದರಿಂದ ನಾನು ಗುಂಡಿ ಎಂದೇ ಕರೆಯುತ್ತೇನೆ. ಕುಡಿಯುವುದು ಡಬ್ಬಿ ಹಾಲಿನ ಪುಡಿ. ಅದನ್ನು ಕಲಸಲು ಅವರಮ್ಮ ಅಂಗಡಿಯಿಂದ ನೀರಿನ ಕ್ಯಾನು ಹೊತ್ತು ತರುತ್ತಾಳೆ, ಎರಡು ಮೆಟ್ಟಿಲಿಗೊಮ್ಮೆ ಉಸಿರು ಬಿಡುತ್ತಾ. ನೋಡಲಾಗುವುದಿಲ್ಲ.

ನೀನು ನೀರಿನಲ್ಲಿ ಸೀಸ ಹುಡುಕುವವನು. ಈ ಸೀಸೆಯಲ್ಲಿ ಸೀಸ ಇದೆಯೋ ಇಲ್ಲವೋ ನೋಡಿ ಹೇಳು. ಇಲ್ಲ ಅಂದರೆ ಕುಡಿಯುತ್ತೇವೆ. ಇದೆ ಅಂದರೆ ನೆಲ ಒರೆಸುತ್ತೇವೆ.

ನಿನ್ನ ಅಕ್ಕ


ಜನವರಿ 21

ಅಕ್ಕಾ,

ಕುಡಿಯಿರಿ!

ಇಷ್ಟೇ ಬರೆದರೆ ನೀನು ಬಿಡುವುದಿಲ್ಲ, ಗೊತ್ತು. ನಾವು ಇಲ್ಲಿ ಕಣ್ಣಿಗೆ ಕಾಣದ ಒಂದು ಬಗೆಯ ಸೂಕ್ಷ್ಮಜೀವಿಗಳನ್ನು ಸಾಕಿದ್ದೇವೆ. ಸೀಸ ಒಳಹೊಕ್ಕರೆ ಅವು ಮಿಣುಕು ಬೆಳಕು ಬಿಡುವ ಹಾಗೆ ತಿದ್ದಿದ್ದೇವೆ. ಇದಕ್ಕೆ ಬಯೋಸೆನ್ಸರ್ ಎನ್ನುತ್ತೇವೆ. ನೀರನ್ನು ಪುಟ್ಟ ಗಾಜಿನ ಸೀಸೆಗೆ ಹಾಕಿ, ಜೀವಿಗಳನ್ನು ಬಿಟ್ಟು, ಕತ್ತಲು ಪೆಟ್ಟಿಗೆಯಲ್ಲಿಟ್ಟು ಅಳೆಯುವುದು. ಬೆಳಗಿದರೆ ಕೆಟ್ಟ ನೀರು. ಬೆಳಗದಿದ್ದರೆ ಒಳ್ಳೆಯದು. ದೊಡ್ಡ ಯಂತ್ರಕ್ಕೆ ಕಳಿಸಿ ದಿನಗಟ್ಟಲೆ ಕಾಯುವ ಕೆಲಸವನ್ನು ನಮ್ಮ ಜೀವಿಗಳು ಎರಡು ತಾಸಿನಲ್ಲಿ ಮಾಡುತ್ತವೆ.

ನಿನ್ನ ಸೀಸೆ ಬೆಳಗಲೇ ಇಲ್ಲ. ಒಂದು ಚೂರೂ ಇಲ್ಲ. ನಾನು ಇಲ್ಲಿಯವರೆಗೆ ನೋಡಿದ ನೀರಿನಲ್ಲೆಲ್ಲ ಅಷ್ಟು ಕಪ್ಪಗಿದ್ದದ್ದು ಅದೊಂದೇ.

ನಾಳೆ ಇಲ್ಲಿ ನಮ್ಮ ಕೆಲಸ ನೋಡಲು ಹೊರಗಿನ ತಜ್ಞರು ಬರುತ್ತಿದ್ದಾರೆ. ಮೂರು ದಿನದಿಂದ ಊಟ ನಿಂತುಕೊಂಡೇ. ಉಳಿದದ್ದು ಇನ್ನೊಮ್ಮೆ ಬರೆಯುತ್ತೇನೆ. ಗುಂಡಿಯ ಅಮ್ಮನಿಗೆ ಹೇಳು, ಇನ್ನು ಮೆಟ್ಟಿಲ ಮೇಲೆ ಕ್ಯಾನು ಹೊರಬೇಕಾಗಿಲ್ಲ.

ಕೊಕ್ಕರೆ


ಫೆಬ್ರವರಿ 6

ಕೊಕ್ಕರೆ,

ನಿನ್ನ ಕಾಗದವನ್ನು ನಾನು ಓದಿದ್ದಕ್ಕಿಂತ ಬೀದಿಯವರು ಓದಿದ್ದೇ ಹೆಚ್ಚು. ಈಗ ಒಂಬತ್ತು ಮನೆಯವರು ನಮ್ಮ ಬಾವಿಯಿಂದ ನೀರು ಸೇದುತ್ತಾರೆ. ಇಸ್ತ್ರಿಯವನು, ಬೇಕರಿಯವರು, ಮೂಲೆಮನೆಯ ಮೇಷ್ಟ್ರು, ಎಲ್ಲರೂ. ಭಾವ ರಾಟೆಗೆ ಎಣ್ಣೆ ಬಿಟ್ಟು ಬಿಟ್ಟು ಸುಸ್ತಾಗಿದ್ದಾರೆ. ಬಂದವರಿಗೆಲ್ಲ ಅದೇ ಕಥೆ ಹೇಳಿ ನನಗೆ ಬೇಸರವಾಗಿ, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಲ್ಲಿ ಬಾವಿಯ ಪಕ್ಕದ ಗೋಡೆಯ ಮೇಲೆ ಬರೆದಿದ್ದೇನೆ: "ನೀರು ಪರೀಕ್ಷೆ ಆಗಿದೆ. ನನ್ನ ತಮ್ಮನೇ ಮಾಡಿದ್ದು."

ಕಂಡಕ್ಟರ್ ಮಾತ್ರ ಹತ್ತು ದಿನ ಒಪ್ಪಲಿಲ್ಲ. "ಇರ್ಲಿ ಬಿಡಿ ಅಕ್ಕ, ಮಗು ವಿಷ್ಯ, ಕ್ಯಾನೇ ತರ್ತೀನಿ" ಅಂದಳು. ನನಗೆ ಸಿಟ್ಟೇ ಬಂತು. "ಏನಮ್ಮಾ, ನನ್ನ ತಮ್ಮ ಓದಿದ್ದೆಲ್ಲ ಸುಳ್ಳಾ?" ಅಂದೆ. ಪಾಪ, ನನ್ನ ಮುಖ ನೋಡಿ ನಕ್ಕು ಒಪ್ಪಿಕೊಂಡಳು. ಈಗ ನಾನೇ ಬಾವಿ ನೀರು ಕಾಯಿಸಿ, ಆರಿಸಿ, ಪುಡಿ ಕಲಸಿ ಕುಡಿಸುತ್ತೇನೆ. ದಿನಕ್ಕೆ ಆರು ಸಲ. ಬಾಟಲಿ ಖಾಲಿಯಾದರೆ ಗುಂಡಿ ನನ್ನನ್ನೇ ಕಳ್ಳಿಯ ಹಾಗೆ ನೋಡುತ್ತಾಳೆ.

ನೀನು ಚಿಕ್ಕವನಿದ್ದಾಗ ನಿನ್ನನ್ನು ಓದಿಸುವುದು ದಂಡ ಎಂದವರು ಒಬ್ಬಿಬ್ಬರಲ್ಲ. ಈಗ ಅವರೂ ಬಿಂದಿಗೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನಾನು ನೋಡುತ್ತಾ ನಿಲ್ಲುತ್ತೇನೆ.

ನಿನ್ನ ಅಕ್ಕ


ಏಪ್ರಿಲ್ 18

ಅಕ್ಕಾ,

ಬಹಳ ದಿನ ಬರೆಯಲಾಗಲಿಲ್ಲ. ಕೆಲಸ.

ಬೇಸಿಗೆಯಲ್ಲಿ ಬಾವಿಯ ನೀರು ತಳ ಸೇರಿದಾಗ ಕದಡುವುದುಂಟು. ಸ್ವಲ್ಪ ದಿನ ಬಾವಿಗೆ ವಿಶ್ರಾಂತಿ ಕೊಟ್ಟು ಲಾರಿ ನೀರನ್ನೇ ಬಳಸಿದರೆ ಒಳ್ಳೆಯದೇನೋ. ಹಾಗೇ ಸುಮ್ಮನೆ ಹೇಳಿದೆ. ಕಟ್ಟುನಿಟ್ಟೇನಿಲ್ಲ.

ಹಳೆಯ ಮಾದರಿಗಳ ಮೇಲೆ ಬರೆದ ನಮ್ಮ ಪ್ರಬಂಧ ಅಚ್ಚಾಗಿ ಬಂದಿದೆ. ನಲವತ್ತು ಕಡೆಯ ನೀರು, ನಲವತ್ತರ ಫಲಿತಾಂಶವೂ ಸರಿ ಎಂದು ಎಲ್ಲರೂ ಹೊಗಳುತ್ತಿದ್ದಾರೆ. ಮುಂದಿನ ತಿಂಗಳು ಕಾಯಂ ಕೆಲಸದ ಸಂದರ್ಶನ.

ಕೊಕ್ಕರೆ


ಏಪ್ರಿಲ್ 29

ಕೊಕ್ಕರೆ,

ಬಾವಿಗೆ ವಿಶ್ರಾಂತಿಯಂತೆ! ಅದೇನು ನಿವೃತ್ತಿಯಾದ ಗುಮಾಸ್ತನೇ? ನೀರು ಎಂಟು ಅಡಿ ನಿಂತಿದೆ. ನಿನ್ನ ಕಾಗದ ಭಾವನಿಗೆ ತೋರಿಸಿದೆ. "ನಿನ್ನ ತಮ್ಮ ಊಟ ನಿದ್ದೆ ಬಿಟ್ಟಿದ್ದಾನೆ, ತಲೆ ಕೆಟ್ಟಿದೆ" ಅಂದರು. ಅವರಿಗೂ ಮೈ ಸರಿಯಿಲ್ಲ. ಊಟವಾದ ಮೇಲೆ ಹೊಟ್ಟೆ ಹಿಂಡುತ್ತದೆ ಎಂದು ಅಂಗಡಿಯ ಸ್ಟೂಲಿನ ಮೇಲೆ ಬಗ್ಗಿ ಕೂರುತ್ತಾರೆ.

ಗುಂಡಿ ಯಾಕೋ ಬಿಳಿಚಿಕೊಂಡಿದ್ದಾಳೆ. ಬಾಟಲಿ ಕಂಡರೆ ಮುಖ ತಿರುಗಿಸುತ್ತಾಳೆ. ಹಿಂದಿನ ತಿಂಗಳು ಕತ್ತರಿ ಸದ್ದು ಕೇಳಿದರೆ "ತ್ತ ತ್ತ" ಅನ್ನುತ್ತಿದ್ದಳಂತೆ. ನನಗೆ ಕೇಳಿಸುತ್ತಿರಲಿಲ್ಲ, ತುಟಿ ನೋಡಿ ನಗುತ್ತಿದ್ದೆ. ಈಗ ತುಟಿ ಆಡುತ್ತಿಲ್ಲ. ಡಾಕ್ಟರು ರಕ್ತ ಕಡಿಮೆ ಎಂದು ಕಬ್ಬಿಣದ ಹನಿ ಕೊಟ್ಟಿದ್ದಾರೆ. ಬೇಕರಿಯವರು ಹಲ್ಲು ಬರುವ ಕಾಲ ಅನ್ನುತ್ತಾರೆ.

ನಿನ್ನ ಈ ಸಲದ ಕಾಗದದಲ್ಲಿ ಯಾರು ಹೇಗಿದ್ದಾರೆ ಎಂದು ಒಂದು ಮಾತೂ ಇರಲಿಲ್ಲ. ಹಾಗೆ ನೀನು ಎಂದೂ ಬರೆದವನಲ್ಲ. ಅಲ್ಲಿ ಏನಾದರೂ ತೊಂದರೆಯೇ? ನನಗೆ ಹೇಳದೆ ಇನ್ನು ಯಾರಿಗೆ ಹೇಳುತ್ತೀ.

ನಿನ್ನ ಅಕ್ಕ


ಜೂನ್ 2

ಅಕ್ಕಾ,

ನಿನ್ನೆ ಬೆಳಗ್ಗೆ ಭಾವನಿಗೆ ಫೋನ್ ಮಾಡಿ, ಬಾವಿಗೆ ಈಗಲೇ ಬೀಗ ಹಾಕಿ, ಯಾರಿಗೂ ಒಂದು ತೊಟ್ಟೂ ಕೊಡಬೇಡಿ, ಗುಂಡಿಯನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದು ರಕ್ತದಲ್ಲಿ ಸೀಸ ಇದೆಯೇ ನೋಡಿಸಿ ಎಂದೆ. "ಯಾಕಪ್ಪಾ?" ಅಂದರು. "ಅಕ್ಕನಿಗೆ ಬರೀತೀನಿ" ಎಂದು ಇಟ್ಟುಬಿಟ್ಟೆ. ಇದು ಆ ಕಾಗದ.

ನಿನ್ನ ನೀರಿನಲ್ಲಿ ಸೀಸ ಇದೆ. ಜನವರಿಯಲ್ಲೂ ಇತ್ತು.

ನಮ್ಮ ಜೀವಿಗಳು ಸೀಸ ಸಿಕ್ಕರೆ ಬೆಳಗುತ್ತವೆ ಎಂದಿದ್ದೆ. ಅದು ನಿಜ. ಆದರೆ ನೀರು ತೀರ ಕೆಟ್ಟಿದ್ದರೆ ಅವು ಬೆಳಗುವ ಮೊದಲೇ ಸತ್ತುಹೋಗುತ್ತವೆ. ಸತ್ತವು ಬೆಳಕು ಬಿಡುವುದಿಲ್ಲ. ಆಗಲೂ ಸೀಸೆ ಕಪ್ಪಗೇ ಇರುತ್ತದೆ, ಥೇಟು ಒಳ್ಳೆಯ ನೀರಿನ ಹಾಗೆ. ನಿಮ್ಮ ಬಾವಿಯಲ್ಲಿ ಸೀಸದ ಜೊತೆ ಶೆಡ್ಡಿನ ಬೇರೆ ಲೋಹವೂ ಇಳಿದಿದೆ. ಮನುಷ್ಯರಿಗೆ ಮೊದಲ ದಿನ ಗೊತ್ತಾಗುವಷ್ಟಲ್ಲ, ಆದರೆ ಆ ಪುಟ್ಟ ಜೀವಿಗಳನ್ನು ಕೊಲ್ಲಲು ಸಾಕು.

ಇದನ್ನು ತಿಳಿಯಲು ಒಂದು ದಾರಿಯಿದೆ. ಕಪ್ಪಗಿರುವ ಸೀಸೆಗೆ ನಾವೇ ಒಂದು ತೊಟ್ಟು ಸೀಸ ಹಾಕಬೇಕು. ಆಗ ಬೆಳಗಿದರೆ ಜೀವಿಗಳು ಬದುಕಿವೆ, ನೀರು ಚೆನ್ನಾಗಿದೆ ಎಂದರ್ಥ. ಆಗಲೂ ಬೆಳಗದಿದ್ದರೆ ಎಚ್ಚರವಾಗಬೇಕು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ನಾನೇ ಕಲಿಸುವ ಪಾಠ ಅದು. ಉಳಿದ ಮೂವತ್ತೊಂಬತ್ತು ಮಾದರಿಗಳಿಗೆ ಮಾಡಿದ್ದೆ. ನಿನ್ನದಕ್ಕೆ ಮಾಡಲಿಲ್ಲ. ಮರುದಿನ ತಜ್ಞರು ಬರುವವರಿದ್ದರು, ಅಕ್ಕನ ಮನೆಯ ನೀರು ತಾನೇ ಎಂದುಕೊಂಡೆ. ಹೊರಗಿನವರ ನೀರಾಗಿದ್ದರೆ ಮಾಡುತ್ತಿದ್ದೆ.

ಏಪ್ರಿಲ್ 11ರಂದು ಬೇರೆ ಯಾವುದೋ ಪ್ರಯೋಗದಲ್ಲಿ ಜೀವಿಗಳು ಸಾಲಾಗಿ ಸತ್ತವು. ನಿನ್ನ ಕಪ್ಪು ಸೀಸೆ ನೆನಪಾಯಿತು. ಫ್ರಿಜ್ಜಿನಲ್ಲಿ ನಿನ್ನ ನೀರು ಅರ್ಧ ಸೀಸೆ ಉಳಿದಿತ್ತು. ಆ ತೊಟ್ಟು ಹಾಕಿದೆ. ಬೆಳಗಲಿಲ್ಲ. ದೊಡ್ಡ ಯಂತ್ರದಲ್ಲೂ ನೋಡಿದೆ, ಸೀಸ ಇತ್ತು. ಆಮೇಲೆ ಉಳಿದ ನೀರನ್ನು ಸಿಂಕಿಗೆ ಸುರಿದು, ಸೀಸೆ ತೊಳೆದು, ನಿನ್ನ ಕೈಬರಹದ ಚೀಟಿಯನ್ನು ಕಿತ್ತು ಬುಟ್ಟಿಗೆ ಹಾಕಿದೆ.

ನಿನ್ನ ನೀರನ್ನೂ ಸೇರಿಸಿ ನಲವತ್ತಕ್ಕೆ ನಲವತ್ತು ಸರಿ ಎಂದು ಬರೆದ ಪ್ರಬಂಧ ಆಗಲೇ ಅಚ್ಚಾಗಿತ್ತು. ಏಳು ವರ್ಷದಿಂದ ವರ್ಷ ವರ್ಷಕ್ಕೂ ಮುಂದುವರಿಸುವ ತಾತ್ಕಾಲಿಕ ಕೆಲಸ. ಮೇ 26ಕ್ಕೆ ಸಂದರ್ಶನ. ಅದೊಂದು ಮುಗಿಯಲಿ, ಅಲ್ಲಿಯತನಕ ಹೇಗಾದರೂ ಬಾವಿ ಬಿಡಿಸೋಣ ಎಂದು 18ರ ಆ ಕಾಗದ ಬರೆದೆ. 'ಕಟ್ಟುನಿಟ್ಟೇನಿಲ್ಲ' ಎಂದು ಕೊನೆಯಲ್ಲಿ ಸೇರಿಸಿದ್ದು ನಿನಗೆ ಅನುಮಾನ ಬರದಿರಲೆಂದು.

ಇನ್ನೊಂದಿದೆ. ಗುಂಡಿ ಬಿಳಿಚಿಕೊಂಡಿದ್ದಾಳೆ ಎಂದು ನೀನು ಬರೆದದ್ದು ಮೇ 3ಕ್ಕೆ ನನ್ನ ಕೈ ಸೇರಿತು. ಓದಿದೆ. ಅದೇನೆಂದು ನನಗೆ ಆ ಕ್ಷಣವೇ ಗೊತ್ತಾಯಿತು. ಆದರೂ ಡ್ರಾಯರಿನಲ್ಲಿಟ್ಟೆ.

ಸಂದರ್ಶನ ಚೆನ್ನಾಗಿ ಆಯಿತು. ಮೊನ್ನೆ ಆಯ್ಕೆಯ ಪತ್ರ ಬಂತು. ಅದನ್ನು ಇಡಲು ಡ್ರಾಯರು ತೆರೆದಾಗ ನಿನ್ನ ಕಾಗದ ಅಲ್ಲೇ ಇತ್ತು.

ನಿನ್ನ ತಮ್ಮ


ಜೂನ್ 16

ತಮ್ಮಾ,

ಗುಂಡಿಯ ರಕ್ತದಲ್ಲಿ ಸೀಸ ಮೂವತ್ತೆಂಟು ಎಂದು ಬಂದಿದೆ. ಐದರ ಒಳಗಿದ್ದರೂ ಡಾಕ್ಟರು ಖುಷಿಪಡುವುದಿಲ್ಲವಂತೆ. ಮದ್ದು ಚುಚ್ಚಿ ಹೊರತೆಗೆಯುವಷ್ಟು ಹೆಚ್ಚಿಲ್ಲ, ನೀರು ನಿಲ್ಲಿಸಿ, ಕಬ್ಬಿಣ ಕೊಡಿ, ತಿಂಗಳಿಗೊಮ್ಮೆ ನೋಡೋಣ ಅಂದರು. ಮುಂದೆ ಮಾತು, ಬುದ್ಧಿ ಹೇಗೋ ಎಂದು ಕಂಡಕ್ಟರ್ ಕೇಳಿದಳು. ಡಾಕ್ಟರು ನನ್ನ ಕಡೆ ತಿರುಗಿ ಹೇಳಿದ್ದರಿಂದ ತುಟಿ ಓದಿಕೊಂಡೆ: "ಶಾಲೆಗೆ ಹೋಗೋವರೆಗೂ ಯಾರೂ ಹೇಳೋಕಾಗಲ್ಲ." ಭಾವನಿಗೂ ಸೀಸ ಇದೆ. ನನಗೂ. ದೊಡ್ಡವರು ತಡೆದುಕೊಳ್ಳುತ್ತೇವೆ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಒಂದು ತೊಟ್ಟು ಹಾಕದೆ ಬಿಟ್ಟದ್ದನ್ನು ನಾನು ನುಂಗಿಕೊಳ್ಳುತ್ತಿದ್ದೆ. ನಾನೂ ಕೆಲಸದ ಗಡಿಬಿಡಿಯಲ್ಲಿ ತೋಳು ತಿರುವಿ ಹೊಲಿದದ್ದಿದೆ. ಬಿಚ್ಚಿ ಹೊಲಿಯುತ್ತೇನೆ. ಆದರೆ ಏಪ್ರಿಲ್ ಹನ್ನೊಂದರಿಂದ ಜೂನ್ ಒಂದು. ಐವತ್ತೊಂದು ದಿನ. ದಿನಕ್ಕೆ ಆರು ಬಾಟಲಿ. ನೀನು ಲೆಕ್ಕದಲ್ಲಿ ಜಾಣ, ನೀನೇ ಗುಣಿಸು. ಪ್ರತಿಯೊಂದನ್ನೂ ಕಲಸಿದ್ದು ಈ ಕೈ. ಕೊನೆಕೊನೆಗೆ ಅವಳು ಬೇಡವೆಂದು ಮುಖ ತಿರುಗಿಸಿದರೆ ಗದ್ದ ಹಿಡಿದು ಕುಡಿಸಿದ್ದೂ ಈ ಕೈಯೇ.

ನಾನೇನೂ ಸಾಚಾ ಅಲ್ಲ. ಕ್ಯಾನು ತರುವವಳನ್ನು ನಾಚಿಸಿ ನಿಲ್ಲಿಸಿದವಳು ನಾನು. ಮಗುವಿನ ಮೇಲಿನ ಕಾಳಜಿಗಲ್ಲ, ನಿನ್ನ ಮೇಲಿನ ಜಂಬಕ್ಕೆ. ಅವಳಿಗೆ ಹೇಳಿದಾಗ ಕೂಗಾಡುತ್ತಾಳೆ ಅಂದುಕೊಂಡೆ. ನನಗೆ ಕೇಳಿಸಲಿ ಎಂದು ಹತ್ತಿರ ಬಂದು, ಒಂದೊಂದೇ ಮಾತು ಬಿಡಿಸಿ ಹೇಳಿದಳು: "ನಾನು ನಂಬಿದ್ದು ನಿಮ್ಮನ್ನ. ನಿಮ್ಮ ತಮ್ಮನ್ನಲ್ಲ." ಮಗುವನ್ನು ಎತ್ತಿಕೊಂಡು ಮೇಲೆ ಹೋದಳು. ಈಗ ಡ್ಯೂಟಿಗೆ ಹೋಗುವಾಗ ಮಗುವನ್ನು ಡಿಪೋದ ಪಕ್ಕ ಯಾರ ಮನೆಯಲ್ಲೋ ಬಿಡುತ್ತಾಳೆ.

ಬೀದಿಯವರಿಗೆ ನಾನೊಂದು ಸುಳ್ಳು ಹೇಳಿದ್ದೇನೆ. ನೀರು ತುಂಬಿಸುವಾಗ ನಾನೇ ಸೀಸೆ ಅದಲುಬದಲು ಮಾಡಿ ಬೇರೆ ನೀರು ಕಳಿಸಿಬಿಟ್ಟೆ, ತಪ್ಪು ನನ್ನದು ಎಂದೆ. ಮೂಲೆಮನೆಯ ಮೇಷ್ಟ್ರು, "ವಯಸ್ಸಾಯ್ತು ಬಿಡಮ್ಮ" ಅಂದರು. ನಿನ್ನ ತಪ್ಪಿಗೆ ಬೈಸಿಕೊಂಡು ನನಗೆ ಅಭ್ಯಾಸ, ಬಾಯಿಗೆ ತಾನಾಗಿಯೇ ಬಂತು. ಮಾತು ಮುಗಿಸಿದ ಮೇಲೆ ನನ್ನ ಮೇಲೇ ಹೇಸಿಗೆಯಾಯಿತು.

ನಾನು ಹೇಳಿದ ಆ ಸುಳ್ಳನ್ನು ನೀನೇ ಬಂದು ತೆಗೆಯಬೇಕು. ಬರುವತನಕ ಬರೆಯಬೇಡ.

ಅಕ್ಕ


ಜೂನ್ 24

ಅಕ್ಕಾ,

ಬರೆಯಬೇಡ ಎಂದಿದ್ದೀ, ಬರುವ ದಿನ ತಿಳಿಸಲು ಮಾತ್ರ ಇದು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ. ಒಂಬತ್ತು ಮನೆಯವರನ್ನೂ ಹಿತ್ತಲಿಗೆ ಕರೆದಿರು. ರಕ್ತ ಪರೀಕ್ಷೆ ಮಾಡುವ ಸರ್ಕಾರಿ ಆಸ್ಪತ್ರೆಯ ದಾದಿಯೂ ಬರುತ್ತಾರೆ, ಎಲ್ಲರದ್ದೂ ನೋಡಬೇಕು.

ನಮ್ಮ ಮುಖ್ಯಸ್ಥೆಗೆ ಎಲ್ಲ ಹೇಳಿದೆ. "ತೊಟ್ಟು ಹಾಕದಿದ್ದದ್ದು ತಪ್ಪು. ಸೀಸೆ ತೊಳೆದದ್ದು ತಪ್ಪಲ್ಲ, ಅಪರಾಧ" ಎಂದರು. ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಳ್ಳುವ ಪತ್ರವನ್ನು ನನ್ನ ಕೈಯಲ್ಲೇ ಬರೆಸಿದರು. ಕಾಯಂ ಕೆಲಸ ಇಲ್ಲ. ಈ ಕೆಲಸವೂ ತಿಂಗಳ ಕೊನೆಗೆ ಮುಗಿಯುತ್ತದೆ.

ತಮ್ಮ


ಜುಲೈ 4

ತಮ್ಮಾ,

ನೀನು ಹಿತ್ತಲಲ್ಲಿ ನಿಂತು ಮಾತಾಡುವಾಗ ನಾನು ನಿನ್ನ ಬೆನ್ನ ಹಿಂದೆ ಇದ್ದೆ. ನಿನ್ನ ತುಟಿ ಕಾಣಲಿಲ್ಲ. ಒಂದು ಅಕ್ಷರವೂ ನನಗೆ ಕೇಳಿಸಲಿಲ್ಲ. ಕಂಡದ್ದು ಅವರ ಮುಖಗಳು ಮಾತ್ರ. ಇಸ್ತ್ರಿಯವನು ಮಧ್ಯದಲ್ಲೇ ಎದ್ದು ಹೋದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಲಿಲ್ಲ. ಬೇಕರಿಯ ಹೆಂಗಸು ಏನೋ ಕೂಗಿದಳು, ನೀನು ತಲೆ ಅಲ್ಲಾಡಿಸಿದೆ. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಸುಳ್ಳು ಬಿಚ್ಚಿಕೊಂಡಿತು ಎಂದು ಆಗ ತಿಳಿಯಿತು.

ನೀನು ಹೋದ ಮೇಲೂ ಹೊಲಿಯಲು ಕೊಟ್ಟ ಬಟ್ಟೆಯನ್ನು ಯಾರೂ ವಾಪಸು ಒಯ್ದಿಲ್ಲ.

ಹೊರಡುವಾಗ ಮೆಟ್ಟಿಲ ಹತ್ತಿರ ಕಂಡಕ್ಟರ್ ನಿನ್ನನ್ನು ತಡೆದು ಏನೋ ಅಂದಳು. ನೀನು ಬಿಳಿಚಿಕೊಂಡೆ. ಏನದು? ಇಷ್ಟೊಂದು ಮುಚ್ಚಿಟ್ಟಾಯಿತು. ಅದೊಂದು ಹೇಳು.

ಅಕ್ಕ


ಜುಲೈ 31

ಅಕ್ಕಾ,

ತಡವಾಗಿ ಉತ್ತರಿಸುತ್ತಿದ್ದೇನೆ. ಗುಂಡಿಯ ಅಮ್ಮ ಹೇಳಿದ್ದನ್ನು ಮಾಡಿ ಮುಗಿಸದೆ ನಿನಗೆ ಬರೆಯಬಾರದು ಅನ್ನಿಸಿತ್ತು.

ಮೆಟ್ಟಿಲ ಹತ್ತಿರ ಅವರು ಅಂದದ್ದು ಇಷ್ಟು: "ಸಾರಿ ಕೇಳ್ಬೇಡಿ, ನಂಗೆ ಅದು ಬೇಡ. ಮೊದಲ್ನೇ ಸಲ ರಕ್ತ ತೆಗೆಯುವಾಗ ಅವಳನ್ನ ನಾನು ಅದುಮಿ ಹಿಡ್ಕೊಂಡೆ. ನಾನೇ ಏನೋ ಮಾಡ್ತಿದೀನಿ ಅಂತ ನನ್ನ ಮುಖಾನೇ ನೋಡ್ತಿದ್ಲು. ಇನ್ಮೇಲೆ ನಾನು ಹಿಡಿಯಲ್ಲ. ನೀವು ಬಂದು ಹಿಡೀಬೇಕು."

ನಿನ್ನೆ ಹೋಗಿದ್ದೆ. ಮನೆಯ ಕಡೆ ಬರಬೇಡಿ, ನೇರ ಆಸ್ಪತ್ರೆಗೆ ಬನ್ನಿ ಎಂದಿದ್ದರು. ಅದಕ್ಕೇ ನಿನ್ನನ್ನು ನೋಡದೆ ಹಿಂತಿರುಗಿದೆ. ಉದ್ದನೆಯ ಓಣಿ, ಹಸಿರು ಬಣ್ಣದ ಬೆಂಚು. ಅವರು ಕಂಡಕ್ಟರ್ ಸಮವಸ್ತ್ರದಲ್ಲೇ ಬಂದಿದ್ದರು. ಮಗುವನ್ನು ನನ್ನ ಕೈಗೆ ಕೊಟ್ಟರು. ನಾನು ಅವಳನ್ನು ಮುಟ್ಟಿದ್ದು ಅದೇ ಮೊದಲು. ಇಷ್ಟು ಹಗುರ ಇರುತ್ತಾಳೆ ಎಂದು ನೀನು ಬರೆದಿರಲಿಲ್ಲ.

ದಾದಿಗೆ ಎರಡು ಸಲ ನರ ಸಿಗಲಿಲ್ಲ. ಮೂರನೆಯ ಸಲಕ್ಕೆ ನಾನು ಅವಳ ಮೊಣಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕಾಯಿತು. ಕಿರುಚಿದಳು. ಅವರಮ್ಮ ಬಾಗಿಲ ಹತ್ತಿರ ನಮಗೆ ಬೆನ್ನು ಹಾಕಿ ನಿಂತಿದ್ದರು. ಅವಳು ಅತ್ತ ನೋಡಲಿಲ್ಲ. ನನ್ನನ್ನೇ ನೋಡಿದಳು, ಇದನ್ನೆಲ್ಲ ಯಾಕೆ ಮಾಡುತ್ತಿದ್ದೀ ಎನ್ನುವ ಹಾಗೆ. ನಾನೂ ಅವಳನ್ನೇ ನೋಡಿದೆ. ಕಣ್ಣು ತಪ್ಪಿಸಬಾರದು ಎಂದುಕೊಂಡು ಹೋಗಿದ್ದೆ. ತಪ್ಪಿಸಲಿಲ್ಲ.

ಎಲ್ಲ ಮುಗಿದ ಮೇಲೆ ಬಿಕ್ಕುತ್ತಾ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋದಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ಅದಕ್ಕೆ. ಎಬ್ಬಿಸದೆ ಹೇಗೆ ಕೊಡುವುದು ಎಂದು ತಿಳಿಯದೆ ಅವರಮ್ಮನ ಕಡೆ ನೋಡಿದೆ. "ಫಲಿತಾಂಶ ಬರೋವರೆಗೂ ಹಿಡ್ಕೊಂಡಿರಿ" ಎಂದರು. ಎರಡೂವರೆ ತಾಸು. ತೋಳು ಮರಗಟ್ಟಿತು. ನಾನು ಬದಲಾಯಿಸಿ ಹಿಡಿಯಲಿಲ್ಲ.

ಇಪ್ಪತ್ತೊಂಬತ್ತು ಎಂದು ಬಂತು. ಇಳಿದಿದೆ. ಮೂಳೆಯಲ್ಲಿ ಸೇರಿಕೊಂಡದ್ದು ನಿಧಾನವಾಗಿ ಮಾತ್ರ ಬಿಡುತ್ತದೆ, ಇನ್ನೂ ಬಹಳ ಸಲ ಬರಬೇಕು ಎಂದರು ಡಾಕ್ಟರು. ಅವರಮ್ಮ ಆ ಸಂಖ್ಯೆಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಮಗುವನ್ನು ಎತ್ತಿಕೊಂಡರು, ಬಸ್ಸಿನ ಹೊತ್ತಾಗಿತ್ತು. ಬಾಗಿಲವರೆಗೆ ಹೋದವರು ನಿಂತು, ನನ್ನ ಕಡೆ ತಿರುಗದೆಯೇ ಹೇಳಿದರು:

"ಮುಂದಿನ ತಿಂಗಳು ಮೂವತ್ತಕ್ಕೆ. ಹತ್ತು ಗಂಟೆಗೆ. ತಡ ಮಾಡ್ಬೇಡಿ."

ತಮ್ಮ